ಅತ್ತೆ ಒದೆಯಲು ಒಪ್ಪದ ಮಂಡಿ

ಮೊನ್ನೆ ನನ್ನ ಮಂಡಿ ಹಿಡಿದುಕೊಂಡಿತೆಂದು ಮನೆಯಲ್ಲಿ ಹರಳೆಣ್ಣೆ ಬಿಸಿಗಿಟ್ಟರು. ಆ ವಾಸನೆಗೆ ಅರಕಲಗೂಡಿನ ಎದುರುಮನೆಯ ಅತ್ತೆ ನೆನಪಾದರು.

ಅತ್ತೆ ಕಾಲು ಮುಂದಾಗಿ ಹುಟ್ಟಿದವರು. ಅಂಥವರು ಮೆಲ್ಲಗೆ ಒದ್ದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿತ್ತು. ಅರವತ್ತರ ದಶಕದ ಆರಂಭದಲ್ಲಿ, ನಾನು ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದಾಗ, ಬೆಳಗಾದರೆ ಅವರ ಜಗಲಿ ತುಂಬಿರುತ್ತಿತ್ತು. ಒದೆತಕ್ಕೆ ವಾಸಿಯಾಗುತ್ತಿತ್ತೋ, ತಾನಾಗಿ ಬಿಡುತ್ತಿತ್ತೋ... ಹೇಳಲಾರೆ. ಆ ದಿನ ಸೊಂಟ ಉಳುಕಿ ನಾನೂ ಅಲ್ಲಿದ್ದೆ.

ರಾಮನಾಥಪುರದ ಕಡೆಯ ತಾಯಿಯೊಬ್ಬಳು ಪ್ರಾಯದ ಮಗನನ್ನು ಗಾಡಿಯಲ್ಲಿ ತಂದಳು. ಹೊಗೆಸೊಪ್ಪಿನ ಹೊರೆ ಹೊರುವಾಗ ಮಂಡಿ ಉಳುಕಿತೆಂದಳು. ಕಾಲೆತ್ತಿದ ಅತ್ತೆ ಅವನ ಮುಖ ನೋಡಿ ಇಳಿಸಿದರು. ಕೂತು, ಕೈ ಮಗುಚಿ, ಹಿಂಗೈಯಿಂದ ಮೊದಲು ಒಳ್ಳೆಯ ಮಂಡಿಯನ್ನು, ಆಮೇಲೆ ನೋಯುವುದನ್ನು ಮುಟ್ಟಿ ಕಾವು ನೋಡಿದರು. ಅದು ಕೆಂಪಗೆ ಊದಿ ಹೊಳೆಯುತ್ತಿತ್ತು. ತುಸು ಮಡಚಲೂ ಅವನಿಂದಾಗಲಿಲ್ಲ. ಚಳಿಜ್ವರಕ್ಕೆ ನಡುಗುತ್ತಿದ್ದ.

"ಉಳುಕು ಇಂಗೆ ಕಾಯಾಕಿಲ್ಲ ಕಣವ್ವ. ಒಳಗೆ ಕೀವಾಗೈತೆ. ಇವತ್ತೇ ಹಾಸನದ ಆಸ್ಪತ್ರೆಗೆ ಕರ್ಕೊಂಡೋಗು."

ತಾಯಿ ಸಿಡುಕಿದಳು. "ಒಂದು ಒದಿ ಒದಿಯಕ್ಕೆ ಇಷ್ಟು ಬಿಂಕವಾ? ನಿನ್ ಕಾಲಿನ ಸಕ್ತಿ ಇಳ್ದೋಗೈತೆ ಅನ್ನು. ಹೊಳೇನರಸೀಪುರದಲ್ಲಿ ಇನ್ನೊಬ್ಬನವ್ನೆ, ಅಲ್ಲಿಗೇ ಓಯ್ತೀನಿ."

ಜಗಲಿಯಲ್ಲಿ ಯಾರೋ ನಕ್ಕರು.

"ನನ್ ಸಕ್ತಿ ಓದ್ರೆ ಓಗ್ಲಿ. ಇವನ ಕಾಲು ಓಗ್ಬಾರ್ದು" ಎಂದು ಅತ್ತೆ ಚಪ್ಪಲಿ ಮೆಟ್ಟಿದರು. ನನ್ನತ್ತ ತಿರುಗಿ, "ನಿನ್ ಸೊಂಟ ನಾಳೀಕಾಗ್ಲಿ ಕಣಪ್ಪ" ಎಂದರು. ತಾಯಿ, ಮಗ ಇಬ್ಬರನ್ನೂ ಹೊರಡಿಸಿಕೊಂಡು ತಾವೂ ಹಾಸನದ ಬಸ್ಸು ಹತ್ತಿದರು.

ಮುಂದಿನದನ್ನು ನನಗೆ ಹೇಳಿದ್ದು ಅಲ್ಲಿನ ಡಾಕ್ಟರು. ಅಂದೇ ಕೀಲಿಗೆ ಸೂಜಿ ಹಾಕಿ ಕೀವು ತೆಗೆದು, ಪೆನ್ಸಿಲಿನ್ ಶುರುಮಾಡಿದ್ದರು. ತಡವಾಗಿದ್ದರೆ ಕೀಲು ಉಳಿಯುತ್ತಿರಲಿಲ್ಲ ಎಂದರು.

ಹೊಗೆಸೊಪ್ಪಿನ ಸುಗ್ಗಿ ಮುಗಿಯುವ ಹೊತ್ತಿಗೆ ಆ ಹುಡುಗ ತಾಯಿಯೊಡನೆ ಬಸ್ ನಿಲ್ದಾಣದಿಂದ ನಡೆದೇ ಬಂದ. ತುಂಬಿದ ಜಗಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕೈಯೂರದೆ ಎದ್ದ. ಜನ ಸರಿದು ದಾರಿ ಬಿಟ್ಟರು.

"ಒದಿಯೋದಾದ್ರೆ ಈಗ ನನ್ನ ಒದಿಯವ್ವ" ಎಂದಳು ತಾಯಿ.

"ನಿಂಗೆ ಉಳುಕಿರೋದು ನಾಲಿಗೆ. ಅಲ್ಲೀಗಂಟ ನನ್ ಕಾಲು ಎಟುಕಾಕಿಲ್ಲ."

ಜಗಲಿಯೆಲ್ಲ ನಕ್ಕಿತು. ಆಮೇಲೆ ಜನ ಇನ್ನೂ ಹೆಚ್ಚಾದರು. ಅತ್ತೆ ಮೊದಲು ಕೈ ಮಗುಚಿ ಮುಟ್ಟುವಾಗ ಯಾರೂ ತಕರಾರು ಮಾಡಲಿಲ್ಲ.

ಅವರು ಹೋಗಿ ಎಷ್ಟೋ ವರ್ಷವಾಯಿತು... ಮೊನ್ನೆ ಎಣ್ಣೆ ಕಾಯುವ ಮೊದಲೇ ನನ್ನ ಕೈ ತಾನಾಗಿ ಮಗುಚಿ ಎರಡೂ ಮಂಡಿಗಳನ್ನು ಮುಟ್ಟಿ ನೋಡಿತ್ತು. ಎರಡೂ ಒಂದೇ ಸಮ ತಣ್ಣಗಿದ್ದವು. ಬರೀ ಉಳುಕು. ಒದೆಯುವವರಿಲ್ಲ.