ಕೆಂಪು ಗುಳಿಗೆಯ ಬೇಸಿಗೆ

ಆಗೆಲ್ಲ ಪುಣೆಯ ರಸ್ತೆಯಲ್ಲಿ ಹುಡುಗಿಯರಿಗೆ ಮುಖವೇ ಇರುತ್ತಿರಲಿಲ್ಲ, ಬರೀ ಕಣ್ಣು. ಸ್ಕೂಟಿ ಹತ್ತುವ ಮೊದಲು ಉದ್ದನೆಯ ಸ್ಕಾರ್ಫನ್ನು ತಲೆಗೆ ಸುತ್ತಿ, ಮೂಗಿನ ಮೇಲಿಂದ ತಂದು, ಕುತ್ತಿಗೆಯ ಹಿಂದೆ ಬಿಗಿಯಾಗಿ ಗಂಟು ಹಾಕಿಕೊಳ್ಳುವುದು. ಧೂಳಿಗೆ, ಬಿಸಿಲಿಗೆ ಅಂತ ಎಲ್ಲರೂ ಹೇಳುತ್ತಿದ್ದರು. ಗೆಳೆಯನ ಬೈಕಿನ ಹಿಂದೆ ಕೂತವಳ ಗುರುತು ದಾರಿಯಲ್ಲಿ ಎದುರಾದ ಕಾಕಾನಿಗೋ ಮಾಮಾನಿಗೋ ಸಿಗದಿರಲಿ ಅಂತಲೂ ಕೆಲವರು ಕಟ್ಟುತ್ತಿದ್ದರು. ನನ್ನ ಕಾರಣ ಬೇರೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನನಗೆ ಹದಿನಾರು, ಹನ್ನೊಂದನೆಯ ತರಗತಿ, ಮುಖದ ತುಂಬ ಮೊಡವೆ.

ಮೊಡವೆ ಅಂದಕೂಡಲೇ ನೀವು ನಿಮ್ಮ ಹರೆಯದ ಒಂದೆರಡು ಗುಳ್ಳೆ ನೆನೆದು ನಗಬೇಡಿ. ನನ್ನವು ಕೆನ್ನೆಯಿಂದ ದವಡೆಯವರೆಗೆ ಗಂಟು ಗಂಟಾಗಿ ಏಳುತ್ತಿದ್ದವು. ಒಳಗೇ ಕೀವು ಕಟ್ಟಿ, ಅಗಿಯುವಾಗ ನೋಯುತ್ತಿದ್ದವು. ನಿದ್ದೆಯಲ್ಲಿ ಮಗ್ಗುಲಾದರೆ ನೋವಿಗೆ ಎಚ್ಚರವಾಗುತ್ತಿತ್ತು, ಬೆಳಗ್ಗೆ ದಿಂಬಿನ ಮೇಲೆ ಕಲೆ ಇರುತ್ತಿತ್ತು. ಸ್ಕಾರ್ಫ್ ಕಟ್ಟಿ ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ನಾನು ಎಲ್ಲರಂಥವಳೇ. ಅದನ್ನು ಬಿಚ್ಚಬೇಕಾದ ಜಾಗಗಳಿಗೆ ಹೋಗುವುದನ್ನೇ ತಪ್ಪಿಸುತ್ತಿದ್ದೆ.

ನಾವು ಗದಗ ಕಡೆಯವರು. ಅಪ್ಪ ಲಕ್ಷ್ಮೀ ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ನಾರಾಯಣ ಪೇಠೆಯಲ್ಲಿ, ಹಲವು ಸಂಸಾರಗಳು ಬಾಡಿಗೆಗಿದ್ದ ಹಳೆಯ ವಾಡೆಯಲ್ಲಿ, ನಮ್ಮದು ಎರಡು ಖೋಲಿಯ ಮನೆ. ಅವ್ವನ ಮರಾಠಿ ಕಾಯಿಪಲ್ಲೆ ಕೊಳ್ಳುವಷ್ಟಕ್ಕೆ ಸಾಕಾಗುತ್ತಿತ್ತು, ಉಳಿದದ್ದೆಲ್ಲ ಅಪ್ಪನ ಪಾಲು. ಆದರೆ ಮೊಡವೆ ವಿಷಯದಲ್ಲಿ ಅವ್ವ ಯಾರಿಗೂ ಕಾಯಲಿಲ್ಲ. ಹಾಲಿನಲ್ಲಿ ಜಾಜಿಕಾಯಿ ತೇಯ್ದು ಹಚ್ಚಿದಳು, ಬೇವಿನೆಲೆ ಅರೆದು ಬಳಿದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆದಳು. ಶೇಂಗಾ ಉಷ್ಣ ಅಂತ ನನ್ನ ತಾಟಿನಿಂದ ಶೇಂಗಾ ಹಿಂಡಿಯನ್ನೇ, ಆ ಚಟ್ನಿಪುಡಿಯನ್ನೇ, ಎತ್ತಿಬಿಟ್ಟಳು. ಶೇಂಗಾ ಹಿಂಡಿ ಇಲ್ಲದ ರೊಟ್ಟಿ ಎಂಥದ್ದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ದಿನಾ ಸಂಜೆ, ದೀಪ ಹಚ್ಚುವ ಮೊದಲು, ಅವ್ವ ನನ್ನ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ಅವಳ ಬೆರಳಿಗೆ ಒಗ್ಗರಣೆಯ ಬಳ್ಳೊಳ್ಳಿ ವಾಸನೆ ಇರುತ್ತಿತ್ತು. "ಮಾರಿ ಇತ್ಲಾಗ ಮಾಡು," ಅನ್ನುತ್ತಿದ್ದಳು. ಮುಖಕ್ಕೆ ನಮ್ಮ ಮನೆಯಲ್ಲಿ ಮಾರಿ ಎನ್ನುವುದೇ ರೂಢಿ. ನೋಡಿ ಏನೂ ಹೇಳದೆ ಬಿಡುತ್ತಿದ್ದಳು. ಆ ಹೇಳದೆ ಬಿಡುವುದೇ ನನಗೆ ಹೆದರಿಕೆ ಹುಟ್ಟಿಸುತ್ತಿತ್ತು.

ಆ ವರ್ಷದ ಸಂಕ್ರಾಂತಿಯ ಅರಿಷಿಣ ಕುಂಕುಮಕ್ಕೆ ಮೇಲಿನ ಮಹಡಿಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಅಂದರೆ ಚಿಕ್ಕಮ್ಮ ಎನ್ನುತ್ತಿದ್ದವರು, ವಾಡೆಯ ಹೆಂಗಸರನ್ನೆಲ್ಲ ಕರೆದಿದ್ದರು. ಸಾಲಾಗಿ ಕೂತವರ ಹಣೆಗೆ ಒಬ್ಬೊಬ್ಬರಿಗೇ ಹಚ್ಚುತ್ತಾ ಬಂದ ಅವರ ಬೆರಳು ನನ್ನ ಹಣೆಯ ಹತ್ತಿರ ನಿಂತಿತು. ಕುಂಕುಮದ ಬಟ್ಟಲನ್ನು ನನ್ನ ಮುಂದೆ ಹಿಡಿದು, "ತೂಚ ಲಾವ ಬಾಳಾ," ಎಂದರು, ನೀನೇ ಹಚ್ಚಿಕೊಳ್ಳಮ್ಮ ಅಂತ. ಕೆಟ್ಟವರಲ್ಲ, ಎಳ್ಳು ಬೆಲ್ಲದ ತಿಳಗುಳವನ್ನು ಎಲ್ಲರಿಗಿಂತ ಒಂದುಂಡೆ ಹೆಚ್ಚೇ ಕೊಟ್ಟರು. ಆಮೇಲೆ ಅವ್ವನ ಕಿವಿಯಲ್ಲಿ, ಇದು ಅಂಟುವ ರೋಗವೇನು ಎಂದು ಕೇಳಿದರು. ಅವ್ವನ ಮರಾಠಿ ಅಷ್ಟಕ್ಕಷ್ಟೇ ಅಂದೆನಲ್ಲ, ಆ ಮಾತು ಮಾತ್ರ ಅವಳಿಗೆ ಪೂರ್ತಿ ತಿಳಿಯಿತು.

ಅವತ್ತಿನಿಂದ ನಾನು ಮನೆಯೊಳಗೂ ಸ್ಕಾರ್ಫ್ ಬಿಚ್ಚಲಿಲ್ಲ. ಊಟಕ್ಕೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದೆ, ಬಟ್ಟೆ ಸ್ವಲ್ಪ ಕೆಳಗೆ ಸರಿಸಿ ತುತ್ತು ಹಾಕಿಕೊಳ್ಳುತ್ತಿದ್ದೆ. ಕಾಲೇಜಿಗೆ ಹೋಗುವುದೂ ನಿಂತುಹೋಯಿತು. ಒಂದು ವಾರ ನೋಡಿದ ಅವ್ವ ಅಪ್ಪನಿಗೆ, ಡಾಕ್ಟರ ಕಡೆ ಕರಕೊಂಡು ಹೋಗೋಣ್ರಿ ಎಂದಳು.

ಚರ್ಮದ ಡಾಕ್ಟರು ಒಬ್ಬ ನಡುವಯಸ್ಸಿನ ಹೆಂಗಸು. ಗಟ್ಟಿ ದನಿ, ಚುರುಕು ಮಾತು, ಅರ್ಧ ಮರಾಠಿ ಅರ್ಧ ಇಂಗ್ಲಿಷ್. ನನ್ನನ್ನು ನೋಡಿ, ರಕ್ತ ಕೊಡಲು ಪಕ್ಕದ ಕೋಣೆಗೆ ಕಳಿಸಿ, ಅಪ್ಪ ಅವ್ವನ ಜೊತೆ ಮಾತಾಡಿದರು. ನಾನು ಹತ್ತಿ ಒತ್ತಿಕೊಂಡು ಹೊರಬಂದಾಗ ಅಪ್ಪ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ಹೊರಗೆ ರಿಕ್ಷಾದಲ್ಲಿ, ಆ ಚುರುಕು ಮಾತು ತಿಳಿಯದ ಅವ್ವ, ಏನಂದರು ಅಂತ ಕೇಳಿದ್ದಕ್ಕೆ ಅಪ್ಪ, ಊಟವಾದ ಮೇಲೆ ಗುಳಿಗೆ ಕೊಡಬೇಕಂತೆ, ಬಿಸಿಲಿಗೆ ಹೋಗಬಾರದಂತೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆಯಂತೆ ಎಂದಷ್ಟೇ ಹೇಳಿದರು.

ಗುಳಿಗೆ ಕೆಂಪಗೆ, ಮೆತ್ತಗೆ ಇತ್ತು. ಮೊದಲ ವಾರಗಳಲ್ಲಿ ಮುಖ ಇನ್ನೂ ಕೆಟ್ಟಿತು. ಹಾಗಾಗುತ್ತದೆಂದು ಡಾಕ್ಟರು ಹೇಳಿದ್ದರಂತೆ, ಆದರೆ ಕನ್ನಡಿಯ ಮುಂದೆ ನಿಂತವಳಿಗೆ ಅದು ಸಮಾಧಾನವಾಗುವುದಿಲ್ಲ. ತುಟಿ ಒಣಗಿ ಸೀಳಿತು. ನಕ್ಕರೆ ರಕ್ತ, ಹಾಗಾಗಿ ನಗುವುದನ್ನೇ ಬಿಟ್ಟೆ. ಅವ್ವ ಗಂಟೆಗೊಮ್ಮೆ ಬೆಣ್ಣೆ ಹಚ್ಚುತ್ತಿದ್ದಳು. ಮೂಗಿನ ಒಳಗೂ ಒಣಗಿ, ಒಂದು ಬೆಳಗ್ಗೆ ಮುಖ ತೊಳೆಯುವಾಗ ಬಚ್ಚಲಿನ ನೀರು ಕೆಂಪಾಯಿತು. ಈ ಗುಳಿಗೆ ಒಳಗೆ ಇನ್ನೇನನ್ನು ಒಣಗಿಸುತ್ತಿದೆಯೋ ಎಂದು ಹೆದರಿಕೆ ಶುರುವಾದದ್ದು ಆಗಲೇ.

ಎರಡನೇ ತಿಂಗಳು ಅಪ್ಪ ಬೇರೆ ಅಂಗಡಿಯಿಂದ ಬೇರೆ ಕಂಪನಿಯ ಗುಳಿಗೆ ತಂದರು. ಅದರ ಡಬ್ಬಿಯ ಮೇಲೆ ಒಂದು ಸಣ್ಣ ಚಿತ್ರವಿತ್ತು. ಬಸುರಿ ಹೆಂಗಸು, ಅವಳ ಮೇಲೆ ಅಡ್ಡಲಾಗಿ ಒಂದು ಕೆಂಪು ಗೆರೆ.

ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆ ಚಿತ್ರಕ್ಕೆ ಇಂಗ್ಲಿಷ್ ಬೇಕಿರಲೂ ಇಲ್ಲ. ಡಬ್ಬಿ ಹಿಡಿದು ಬಾಗಿಲ ಬೆಳಕಿನಲ್ಲಿ ಅವಳು ನಿಂತಿದ್ದನ್ನು ನಾನು ನೋಡಿದೆ. ಅವಳು ಆಚೆ ಹೋದ ಮೇಲೆ ಒಳಗಿನ ಚೀಟಿಯನ್ನು ನಿಘಂಟು ಇಟ್ಟುಕೊಂಡು ಓದಿದೆ. ಹುಟ್ಟುವ ಮಗುವಿಗೆ ಕೇಡು ಎಂಬಷ್ಟು ತಿಳಿಯಿತು. ಆ ಕೇಡು ಗುಳಿಗೆ ನುಂಗುವಷ್ಟು ದಿನದ್ದೋ, ಜೀವಮಾನದ್ದೋ ತಿಳಿಯಲಿಲ್ಲ. ಶಾಲೆಯಲ್ಲಿ ಬಸುರು ಹೆರಿಗೆಯ ಪಾಠ ಬಂದಾಗ ನಮ್ಮ ಟೀಚರು, ಇದನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ಮುಂದಿನದಕ್ಕೆ ಹಾರಿದ್ದರು. ಮನೆಯಲ್ಲಿ ಅಂಥದ್ದನ್ನು ಅಪ್ಪನಿದ್ದಾಗ ಎತ್ತುವಂತಿಲ್ಲ. ಡಾಕ್ಟರ ಹತ್ತಿರ ಮಾತಾಡುವವರು ಅಪ್ಪನೇ.

ಮೂರು ನಾಲ್ಕು ದಿನ ಅವ್ವ ಆ ಡಬ್ಬಿಯನ್ನು ತೆಗೆದು ತೆಗೆದು ನೋಡಿದಳು. ಗುಳಿಗೆ ಮಾತ್ರ ತಪ್ಪದೆ ಕೊಡುತ್ತಿದ್ದಳು. ಆಮೇಲೊಂದು ಮಧ್ಯಾಹ್ನ, ಅಪ್ಪ ಅಂಗಡಿಗೆ ಹೋಗಿದ್ದಾಗ, ಚೈತ್ರದ ಬಿಸಿಲಿಗೆ ವಾಡೆಯ ತಗಡು ಚಟಚಟ ಅನ್ನುತ್ತಿದ್ದಾಗ, ಹಪ್ಪಳದ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು.

"ಖರೇ ಹೇಳು. ನಿನಗ ಮಾರಿ ಬೇಕೋ, ಮಕ್ಕಳು ಬೇಕೋ?"

ಹದಿನಾರು ವರ್ಷದವಳಿಗೆ ಕೇಳುವ ಪ್ರಶ್ನೆಯೇ ಅದು? ಮಕ್ಕಳೆಂದರೆ ನನಗೆ ಎಲ್ಲೋ ದೂರದ ಮಾತು. ಕಾಕುವಿನ ಬೆರಳು ಮಾತ್ರ ಕಣ್ಣ ಮುಂದೆಯೇ ಇತ್ತು.

"ಮಾರಿ," ಎಂದೆ.

ಅವ್ವ ಕೈಗೆ ಎಣ್ಣೆ ಸವರಿಕೊಂಡಳು. ಮತ್ತೆ ಹಿಟ್ಟು ನಾದಿದಳು. ಆ ಸಂಜೆ ಊಟವಾದ ಮೇಲೆ ಎಂದಿನಂತೆ ಗುಳಿಗೆ, ಹಾಲು ತಂದಳು. ಒಂದೇ ವ್ಯತ್ಯಾಸ, ಅದನ್ನು ನನ್ನ ಅಂಗೈಗೆ ಹಾಕುವ ಮೊದಲು ದೇವರ ಮುಂದೆ ಇಟ್ಟು ಕಣ್ಣು ಮುಚ್ಚಿ ನಿಂತಳು. ಆಮೇಲೆ ದಿನಾ ಹಾಗೆಯೇ ಮಾಡಿದಳು. ಅಪ್ಪನಿಗೆ ಅದು ಭಕ್ತಿಯಾಗಿ ಕಂಡಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಆ ಬೇಸಿಗೆಯನ್ನು ಹೇಗೆ ಹೇಳಲಿ. ಒಂದು ಕಡೆ ಮುಖ ತಿಳಿಯಾಗುತ್ತಿತ್ತು. ಗಂಟುಗಳು ಕೂತು, ಕೆಂಪು ಕಲೆಗಳು ಉಳಿದು, ಆ ಕಲೆಗಳೂ ಮಾಸತೊಡಗಿದವು. ಅಪ್ಪ ಖುಷಿಯಾಗಿ ಮಾವಿನ ಹಣ್ಣಿನ ಪೆಟ್ಟಿಗೆ ಹೊತ್ತು ತಂದರು. ಇನ್ನೊಂದು ಕಡೆ ಪ್ರತಿ ಗುಳಿಗೆಗೂ ನನ್ನೊಳಗೆ ಏನೋ ಒಂದು ಸಾಯುತ್ತಿದೆ ಎಂದು ನಂಬಿದ್ದೆ. ವಾಡೆಯಲ್ಲಿ ಯಾರದೋ ಕೂಸು ಅತ್ತರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ನನ್ನ ಗದ್ದ ಹಿಡಿದು ನೋಡುವಾಗ ಅವ್ವನ ಕಣ್ಣು ತುಂಬುತ್ತಿತ್ತು. ಅದು ಸಂತೋಷಕ್ಕೋ ಮತ್ತೊಂದಕ್ಕೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಕೊನೆಯ ಭೇಟಿಯ ದಿನ ಜೋರು ಮಳೆ. ಅಂಗಡಿಯಲ್ಲಿ ಸೇಲ್ ನಡೆದಿತ್ತು, ಅಪ್ಪನಿಗೆ ಬಿಡುವಾಗಲಿಲ್ಲ. ಅವ್ವ, ನಾನು ಇಬ್ಬರೇ ಹೋದೆವು. ಡಾಕ್ಟರು ನನ್ನ ಕೆನ್ನೆ ಸವರಿ, ಇನ್ನು ಗುಳಿಗೆ ಸಾಕು ಎಂದರು. ನಾನು ಎದ್ದೆ, ಅವ್ವ ಏಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ತನ್ನ ಕಾಯಿಪಲ್ಲೆಯ ಮರಾಠಿಯಲ್ಲಿ, ಕನ್ನಡ ಬೆರೆಸಿ, ಕೈಯಿಂದ ಹೊಟ್ಟೆ ತೋರಿಸಿ, ಕೇಳಿಯೇಬಿಟ್ಟಳು. ಇವಳಿಗೆ ಮುಂದೆ ಮಕ್ಕಳಾಗುವುದಿಲ್ಲವೇ ಎಂದು.

ಡಾಕ್ಟರು ಪೆನ್ನು ಕೆಳಗಿಟ್ಟರು. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಗುಳಿಗೆ ತೆಗೆದುಕೊಳ್ಳುವಾಗ ಬಸುರಾಗಬಾರದು, ನಿಲ್ಲಿಸಿದ ಮೇಲೆ ಒಂದು ತಿಂಗಳು ಕೂಡ. ಅಷ್ಟೇ. ಆಮೇಲೆ ಮೈಯಲ್ಲಿ ಅದೇನೂ ಉಳಿಯುವುದಿಲ್ಲ. "ಮೊದಲ ದಿನವೇ ಇವಳ ವಡಿಲರಿಗೆ ಎಲ್ಲ ಹೇಳಿದ್ದೆನಲ್ಲ?" ಎಂದು ಮರಾಠಿಯಲ್ಲಿ ಕೇಳಿದರು. ವಡಿಲರೆಂದರೆ ಅಪ್ಪ. ಕ್ಯಾಲೆಂಡರ್ ನೋಡುತ್ತಿದ್ದ ಅಪ್ಪ ನನಗೆ ನೆನಪಾದರು. ಹೆಂಡತಿಗೂ ಹೇಳಲು ನಾಚಿ, ಆ ಒಂದು ಮಾತನ್ನು ಅಲ್ಲೇ ಬಿಟ್ಟು ಬಂದಿದ್ದರು.

ದವಾಖಾನೆಯ ಮೆಟ್ಟಿಲ ಮೇಲೆ ಅವ್ವ ಕೂತುಬಿಟ್ಟಳು. ಮಳೆಯ ಎರಚಲು ಕಾಲಿಗೆ ಹೊಡೆಯುತ್ತಿತ್ತು. ನಾನು ಅತ್ತೆ. ಅವಳು ನನ್ನ ಸ್ಕಾರ್ಫನ್ನೇ ತೆಗೆದುಕೊಂಡು ನನ್ನ ಮುಖ ಒರೆಸಿದಳು.

"ನೀ ಮಕ್ಕಳು ಬೇಕು ಅಂದಿದ್ರೂ ನಾ ಗುಳಿಗಿ ಕೊಡ್ತಿದ್ದೆ," ಎಂದಳು. "ನೀ ಗ್ವಾಡಿ ಕಡೆ ಮಾರಿ ಮಾಡಿ ಉಣ್ಣೂದು ನನಗ ನೋಡಲಿಕ್ಕೆ ಆಗ್ತಿದ್ದಿಲ್ಲ. ನನಗ ಮೊದಲ ನನ್ನ ಮಗಳು ಬೇಕಾಗಿದ್ಲು."

"ಮತ್ಯಾಕ ಕೇಳ್ದಿ ಅವ್ವಾ ಅವತ್ತ?"

ಅವಳು ಒದ್ದೆಯಾದ ಸ್ಕಾರ್ಫನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡಳು.

"ನನಗ ಒಬ್ಬಾಕಿನೇ ಹೆದರಕೋತ ಇರಲಿಕ್ಕೆ ಆಗಲಿಲ್ಲ."

ಸಂಜೆ ಅಪ್ಪ ಬಂದು, ಡಾಕ್ಟರು ಏನಂದರು ಎಂದು ಕೇಳಿದರು. ಛಲೋ ಆಗ್ಯದಂತ್ರಿ ಎಂದು ಅವ್ವ ರೊಟ್ಟಿ ಬಡಿಸಿದಳು. ನನ್ನ ತಾಟಿಗೆ ಶೇಂಗಾ ಹಿಂಡಿ ಬಂತು.

ಈಗ ನನ್ನ ಮಗಳಿಗೆ ಹದಿಮೂರು. ಮೊನ್ನೆ ಅವಳ ಹಣೆಯ ಮೇಲೆ ಮೊದಲ ಗುಳ್ಳೆ ಎದ್ದಿತು. ನಾನು ಗದ್ದ ಹಿಡಿದು ಕಿಟಕಿಗೆ ತಿರುಗಿಸಲು ಹೋದೆ. ಅವಳು ಕೊಸರಿಕೊಂಡು, ಫೋನಿನಲ್ಲಿ ಎಲ್ಲ ಓದಿದ್ದೇನೆ ಅಮ್ಮ, ಏನೂ ಆಗಲ್ಲ ಎಂದಳು. ನಾನು ಒಂದಿಡೀ ಬೇಸಿಗೆ ಹೊತ್ತು ತಿರುಗಿದ್ದು ಅವಳಿಗೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಒಳ್ಳೆಯದೇ, ಹಾಗೆಯೇ ಇರಲಿ. ನಾರಾಯಣ ಪೇಠೆಯ ಆ ವಾಡೆಯನ್ನು ಕೆಡವಿ ಕಟ್ಟಡ ಎಬ್ಬಿಸಿದ್ದಾರೆ. ಅವ್ವ ಹೋಗಿ ಎರಡು ಮಳೆಗಾಲವಾಯಿತು.

ನನ್ನ ಮುಖ ಈಗ ನಯವಾಗಿಯೇ ಇದೆ, ಎಡಗೆನ್ನೆಯಲ್ಲಿ ಒಂದೆರಡು ಸಣ್ಣ ಗುಳಿ ಬಿಟ್ಟರೆ. ಅವು ಅಲ್ಲಿವೆಯೆಂದು ಬಲ್ಲಷ್ಟು ಹತ್ತಿರದಿಂದ ನನ್ನನ್ನು ಈಗ ಯಾರೂ ನೋಡುವುದಿಲ್ಲ. ಮಗಳು ಕ್ಲಾಸಿನಿಂದ ಬರುವುದು ತಡವಾದರೆ, ನನ್ನದೇ ರಕ್ತದ ವರದಿಗೆ ಕಾಯುತ್ತಾ ಕೂತರೆ, ಗಡಿಯಾರವನ್ನೇ ನೋಡುತ್ತಿರುತ್ತೇನೆ. ಹೆದರುವುದಂತೂ ತಪ್ಪಿಲ್ಲ. ಈಗ ಒಬ್ಬಳೇ ಹೆದರುತ್ತೇನೆ.