ಫ್ಲಾವಿಯಾ ಟೀಚರ ಹೆಬ್ಬೆರಳಿನ ಉಗುರು

ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿದ ಫ್ಲಾವಿಯಾ ಟೀಚರ್ ನಿವೃತ್ತರಾದರೂ ಅವರ ಹೆಬ್ಬೆರಳಿನ ಉಗುರಿಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಬಿಳಿ ಕಲ್ಲು ಕಂಡಲ್ಲಿ ಅದು ಗೀರಿ ನೋಡುತ್ತದೆ. ಮಂಗಳೂರಿನ ಕದ್ರಿಯ ಅವರ ಮನೆಯ ಕಪಾಟಿನಲ್ಲಿ ಜಿಪ್ಸಮ್ಮಿನ ಇಡೀ ಕುಟುಂಬವೇ ಇದೆ: ಗಾಜಿನಂತೆ ಪದರ ಬಿಡುವುದು, ರೇಷ್ಮೆ ನೂಲಿನಂತೆ ಹೊಳೆಯುವುದು, ಹಾಲುಬಿಳಿಯ ಅಲಬಾಸ್ಟರ್. ಮೂವರೂ ಉಗುರಿಗೆ ಸೋಲುವವರೇ.

ಆಗಸ್ಟ್ ಕೊನೆಗೆ ಟೀಚರ ಹಳೆಯ ಶಿಷ್ಯೆ ಜಾನೆಟ್ ಇಟಲಿಯಿಂದ ಬಂದಳು. ಅಲ್ಲಿ ಹದಿನೆಂಟು ವರ್ಷದಿಂದ ನರ್ಸ್. ಮಗಳು ಕಾಯಿಲೆಯಿಂದ ಎದ್ದದ್ದಕ್ಕೆ ಹರಕೆಯೆಂದು, ಊರಿನ ಚರ್ಚ್ ವಾರ್ಡಿನ ಚಾಪೆಲಿನ ಎದುರು ಬಯಲಲ್ಲಿರುವ ಗವಿಯಾಕಾರದ ಗ್ರೊಟ್ಟೊಗಾಗಿ ಮೇರಿ ಮಾತೆಯ ಒಂದಡಿ ಪ್ರತಿಮೆಯನ್ನು ಬಜಪೆ ವಿಮಾನ ನಿಲ್ದಾಣದವರೆಗೂ ಮಡಿಲಲ್ಲೇ ತಂದಿದ್ದಳು. ಸೆಪ್ಟೆಂಬರಿನಲ್ಲಿ ಮಾತೆಯ ಜನ್ಮದಿನವಾದ ಮೊಂತಿ ಹಬ್ಬದಂದು ಪ್ರತಿಷ್ಠೆ ಎಂದು ವಾರ್ಡಿನ ಮುಖಂಡ, ಗುರ್ಕಾರ್ ಬೆನೆಡಿಕ್ಟ್ ಸಾರಿಯೂ ಆಗಿತ್ತು. ಟೀಚರಿಗೆ ತೋರಿಸಲು ಇಬ್ಬರೂ ಬಂದರು.

"ಪ್ಯೂರ್ ಇಟಾಲಿಯನ್ ಮಾರ್ಬಲ್ ಟೀಚರ್! ನೂರು ಮಳೆಗಾಲ ನಿಲ್ತದೆ," ಎಂದರು ಬೆನೆಡಿಕ್ಟ್.

ಟೀಚರ್ ಪ್ರತಿಮೆಯನ್ನು ಮಲಗಿಸಿ ಪೀಠದ ಅಡಿಯನ್ನು ಗೀರಿದರು. ಗೆರೆ ಬಿತ್ತು.

"ಮಾತೆಗೆ ಉಗುರು!" ಬೆನೆಡಿಕ್ಟ್ ಶಿಲುಬೆ ಗುರುತು ಹಾಕಿಕೊಂಡರು.

"ಪೀಠಕ್ಕೆ ಮಾರಾಯ್ರೆ. ಮಾರ್ಬಲ್ ಆದ್ರೆ ಉಗುರಿಗೆ ಗೆರೆ ಬೀಳ್ತಿರ್ಲಿಲ್ಲ. ಇದು ಅಲಬಾಸ್ಟರ್. ನೀರಿಗೆ ನಿಧಾನ ಕರಗ್ತದೆ."

ಜಾನೆಟಳ ಮುಖ ಸಣ್ಣದಾಯಿತು. "ನನಗೆ ಮೋಸ ಆಯ್ತಾ?"

ಟೀಚರ್ ಅಡುಗೆಮನೆಯಿಂದ ಕಳ್ಳಿನ ವಿನೆಗರನ್ನೂ ಮಧ್ಯಾಹ್ನ ತಿಂದ ಮರುವಾಯಿಯ ಚಿಪ್ಪನ್ನೂ ತಂದರು. ಕಲ್ಲಿನ ಪರೀಕ್ಷೆಗೆ ಕಳ್ಳೇ ಬೇಕಾಯಿತು. ಮಾರ್ಬಲಿನ ಸತ್ವವೇ ಇರುವ ಚಿಪ್ಪಿನ ಮೇಲೆ ಹನಿ ಬಿದ್ದದ್ದೇ ಗುಳ್ಳೆಗಳು ಎದ್ದವು. ಪೀಠದ ಮೇಲಿನ ಹನಿ ಮಾತ್ರ ಪ್ರವಚನ ಕೇಳುವ ಭಕ್ತನಂತೆ ಸುಮ್ಮನೆ ಕುಳಿತಿತ್ತು.

"ಒಂದು ಮಳೆಗೆ ಎಂತಾಗ್ತದೆ?" ಬೆನೆಡಿಕ್ಟ್ ಬಿಡಲಿಲ್ಲ.

"ಒಂದಕ್ಕೆ ಏನಿಲ್ಲ. ಹತ್ತು ಮಳೆಗಾಲ ಹೋದರೆ ಮೂಗು ಹೋಗ್ತದೆ. ನಿಮ್ಮ ಮುರಿದ ಕಾಲಿನ ಪ್ಲಾಸ್ಟರ್ ತೊಕ್ಕೊಟ್ಟು ಪೇಟೆಯಲ್ಲಿ ಮಳೆಗೆ ಮೆತ್ತಗಾದದ್ದು ನೆನಪುಂಟಾ? ಅದೂ ಸುಟ್ಟ ಜಿಪ್ಸಮ್ಮೇ."

ಬೆನೆಡಿಕ್ಟ್ ಬಗ್ಗಿ ತಮ್ಮ ಕಾಲು ನೋಡಿಕೊಂಡರು.

"ಆದ್ರೆ ಹರಕೆ ಹೇಳಿದ್ದು ಗ್ರೊಟ್ಟೊಗೆ..." ಜಾನೆಟಳಿಗೆ ಅಳುವೇ ಬಂತು.

"ಹರಕೆ ಮಾತೆಗೆ ಬಾಯೆ, ಮಳೆಗಲ್ಲ. ಆ ಕಿಟಕಿ ಮುಚ್ಚು."

ಟೀಚರ್ ಪ್ರತಿಮೆಯ ಹಿಂದೆ ಮೊಬೈಲಿನ ಟಾರ್ಚ್ ಹಿಡಿದರು. ಮಾತೆಯ ಶಿರವಸ್ತ್ರದಿಂದ ಭುಜದವರೆಗೆ ಜೇನಿನ ಬಣ್ಣ ಹರಿಯಿತು.

"ನೋಡು. ನಿನ್ನ ಮಾರ್ಬಲ್ ಹೀಗೆ ಹೊಳೀತಿತ್ತಾ?"

ಹಬ್ಬದಂದು ಗ್ರೊಟ್ಟೊದಲ್ಲಿ ಹಳೆಯ ಸಿಮೆಂಟಿನ ಮಾತೆ ಎಂದಿನಂತೆ ಮಳೆಗೆ ನಿಂತಿದ್ದರು. ಚಾಪೆಲಿನ ಒಳಗೆ ಹೊಸ ಪ್ರತಿಮೆ. ಬಿಸಿಗೆ ಕಲ್ಲು ಹಾಳಾಗುತ್ತದೆಂದು ಟೀಚರ್ ಮೇಣದಬತ್ತಿಯನ್ನು ದೂರ ಇಡಿಸಿದ್ದರು. ಹಿಂದೆ ಅಡಗಿಸಿದ್ದ ಪುಟ್ಟ ಬಲ್ಬಿನ ಸ್ವಿಚ್ಚನ್ನು ಜಾನೆಟಳ ಮಗಳೇ ಒತ್ತಿದಳು. ಮಾತೆ ಒಳಗಿನಿಂದ ಬೆಳಗಿದರು, ಜಾನೆಟ್ ಮೊಣಕಾಲೂರಿದಳು.

ಬೆನೆಡಿಕ್ಟ್ ಮೈಕ್ ಹಿಡಿದರು: "ಪ್ಯೂರ್ ಇಟಾಲಿಯನ್ ಅಲಬಾಸ್ಟರ್! ಯಾರೂ ನೀರು ತಾಗಿಸಬಾರದು." ಮುಂದಿನ ಬೆಂಚಿನ ಕಡೆ ನೋಡಿ ಸೇರಿಸಿದರು: "ಉಗುರೂ."

ಫ್ಲಾವಿಯಾ ಟೀಚರ್ ಹೆಬ್ಬೆರಳನ್ನು ಮೆಲ್ಲಗೆ ಮಡಚಿಕೊಂಡರು.