ನಿಂತಲ್ಲಿ ನಿಲ್ಲದ ಮೋಟಾರು

ಎದುರುಮನೆಯವರು ಹಳೆಯ ಕಾರೊಂದನ್ನು ಕೊಂಡು ತಂದಿದ್ದಾರೆ. ತರಲಿ, ನನಗೇನು? ಆದರೆ ದಿನಾ ಬೆಳಗ್ಗೆ ನಾನು ಕಾಫಿ ಲೋಟ ಹಿಡಿದು ಜಗಲಿಗೆ ಬರುವ ಹೊತ್ತಿಗೇ ಅವರು ಅದನ್ನು ಚಾಲೂ ಮಾಡಿ ಗೇಟಿನ ಮುಂದೆ ನಿಲ್ಲಿಸುತ್ತಾರೆ. ಅದು ತೆಪ್ಪಗೆ ನಿಲ್ಲುವ ಜಾತಿಯದಲ್ಲ. ಒಮ್ಮೆ ಗುರ್ರೆಂದು ಏರುತ್ತದೆ, ಇನ್ನೇನು ಸತ್ತಿತು ಅನ್ನುವಷ್ಟು ಇಳಿಯುತ್ತದೆ, ಮತ್ತೆ ಏರುತ್ತದೆ. ಪೆಟ್ರೋಲಿನ ವಾಸನೆ ಬೀದಿ ದಾಟಿ ಬಂದು ನನ್ನ ಕಾಫಿಯ ರುಚಿ ಕೆಡಿಸುತ್ತದೆ. ಅದನ್ನಾದರೂ ಸಹಿಸಬಹುದಿತ್ತು. ಯಜಮಾನರು ಚಕ್ರ ಹಿಡಿದು ಕೂತು, ಪಕ್ಕದಲ್ಲಿರುವ ಹೆಂಡತಿಯ ಮೇಲೆ, "ನೀನು ಹತ್ತಿದ ಕೂಡಲೇ ಇದಕ್ಕೆ ರೋಗ!" ಎಂದು ಹರಿಹಾಯುತ್ತಾರೆ ನೋಡಿ, ಅದು ಮಾತ್ರ ನನಗೆ ತಡೆಯುವುದಿಲ್ಲ. ಈ ಬೈಗುಳವನ್ನು ನಾನು ಹಿಂದೊಮ್ಮೆ ಕೇಳಿದ್ದೇನೆ. ಮೋಟಾರು ಬೇರೆ, ಬೈಸಿಕೊಂಡವಳು ಬೇರೆ, ಅಷ್ಟೆ.

ಮಹಾರಾಜರ ಕಾಲದ ಮಾತು. ನನಗಾಗ ಇಪ್ಪತ್ತರ ಆಸುಪಾಸು. ಮೈಸೂರಿನಲ್ಲಿ ಓದು ಮುಗಿಸಿ, ಕೆಲಸ ಸಿಗುವವರೆಗೆ ಇರು ಎಂದು ಅಪ್ಪ ನನ್ನನ್ನು ನಂಜನಗೂಡಿನ ಅಕ್ಕನ ಮನೆಗೆ ಕಳಿಸಿದ್ದರು. ನನ್ನ ಬಾವ, ಅಂದರೆ ಅಕ್ಕನ ಗಂಡ, ಕಮಾನುಗಾಡಿ ಕಟ್ಟಿ, ರೈಲಿಳಿದ ಜನರನ್ನು ತಿರುಮಕೂಡಲು ನರಸೀಪುರಕ್ಕೆ ಮುಟ್ಟಿಸುತ್ತಿದ್ದರು. ಬಿಳಿಯ ಎತ್ತಿನ ಜೋಡಿ. ಅಕ್ಕನ ದನಿ ಕೇಳಿದರೆ ಅವು ಮೇವು ಬಿಟ್ಟು ತಲೆಯೆತ್ತುತ್ತಿದ್ದವು. ಸುಖವಾಗಿ ನಡೆಯುತ್ತಿದ್ದ ಸಂಸಾರ. ಆಗ ನೀಲಗಿರಿಯ ಟೀ ತೋಟದ ಬಿಳಿಯ ದೊರೆಯೊಬ್ಬ ಇಂಗ್ಲೆಂಡಿಗೆ ವಾಪಸು ಹೊರಟವನು, ತನ್ನ ಹಳೆಯ ಮೋಟಾರನ್ನು ನಮ್ಮ ರೈಲ್ವೆ ಸ್ಟೇಷನ್ನಿನಲ್ಲೇ ಮಾರಿ ಹೋಗುವುದೆಂದು ಗೊತ್ತುಮಾಡಿದ. ಬಾವನ ಕಣ್ಣು ಅದರ ಮೇಲೆ ಬಿತ್ತು. ಅಕ್ಕ ಅತ್ತಳು, ಊಟ ಬಿಟ್ಟಳು, "ಎತ್ತು ಮಾರ್ಬ್ಯಾಡಿ" ಎಂದು ಕೈ ಮುಗಿದಳು. ಎತ್ತುಗಳು ಹೋದವು. ಮೋಟಾರು ಬಂತು.

ನಿಮಗೆ ಈಗಿನ ಕಾರುಗಳು ಗೊತ್ತು, ಗುಂಡಿ ಒತ್ತಿದರೆ ಏಳುತ್ತವೆ. ಆಗಿನದಕ್ಕೆ ಮೂತಿಯಲ್ಲಿ ಹ್ಯಾಂಡಲ್ ಸಿಕ್ಕಿಸಿ ತಿರುವಬೇಕು. ತಿರುವುವವನು ಯಾರು? ಓದಿದವನು, ಕೆಲಸವಿಲ್ಲದವನು, ಬಾಮೈದ. ಎಂಜಿನ್ ಹತ್ತಿಕೊಳ್ಳುವಾಗ ಆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತಿತ್ತು. ನನ್ನ ಬಲಗೈ ಮಣಿಕಟ್ಟು ಇವತ್ತಿಗೂ ಮೋಡ ಕವಿದರೆ ನೋಯುತ್ತದೆ. ಮದುವೆಗೆ ಹೆಣ್ಣು ನೋಡಲು ಹೋದಾಗ ಕೈಗೆ ಬಟ್ಟೆ ಸುತ್ತಿಕೊಂಡೇ ಉಪ್ಪಿಟ್ಟು ತಿಂದಿದ್ದೇನೆ. ಅವರು ನನ್ನನ್ನು ಜಗಳಗಂಟನೆಂದುಕೊಂಡು ಹೆಣ್ಣು ಕೊಡಲಿಲ್ಲ.

ಮೊದಲ ಕೆಲವು ವಾರ ಮೋಟಾರು ಚೆನ್ನಾಗಿಯೇ ಇತ್ತು. ಆಮೇಲೆ ಶುರುವಾಯಿತು ಗ್ರಹಚಾರ. ರಸ್ತೆಯಲ್ಲಿ ಕುಲುಕಾಡುತ್ತಾ ಹೇಗೋ ಓಡುತ್ತಿತ್ತು. ಎಲ್ಲಾದರೂ ನಿಲ್ಲಿಸಿದಿರೋ, ಎಂಜಿನ್ನು ಏರಿ ಇಳಿದು, ಏರಿ ಇಳಿದು, ಕೆಮ್ಮಿ ಸಾಯುತ್ತಿತ್ತು. ಒಬ್ಬ ಮುದುಕಿ ಇಳಿಯಬೇಕೆಂದರೆ ನಾನು ಹ್ಯಾಂಡಲ್ ಹಿಡಿದು ಕೆಳಗಿಳಿಯಬೇಕು. ಆಕೆ ಕೋಳಿಬುಟ್ಟಿ ಮರೆತೆನೆಂದು ಹಿಂದೆ ಬಂದರೆ ಇನ್ನೊಮ್ಮೆ. ಥೂ, ಅದೂ ಒಂದು ಬಾಳೇ!

ಊರಿನಲ್ಲಿ ಎರಡು ಕಾಲಿದ್ದವರೆಲ್ಲ ವೈದ್ಯರಾದರು. ಒಬ್ಬ ಪೆಟ್ರೋಲಿಗೆ ನೀರು ಬೆರೆತಿದೆ ಎಂದ. ಇನ್ನೊಬ್ಬ ದೊರೆಯ ಮೋಟಾರಿಗೆ ರಾಗಿಸೀಮೆಯ ಗಾಳಿ ಒಗ್ಗುವುದಿಲ್ಲ ಎಂದ. ಬಂದವರೆಲ್ಲ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಚಾಲಕನ ಗಾಜಿಗೂ ಎಂಜಿನ್ನಿಗೂ ನಡುವೆ ಪೆಟ್ರೋಲ್ ತೊಟ್ಟಿ, ಅದರ ನೆತ್ತಿಯ ಮೇಲೆ ಹಿತ್ತಾಳೆಯ ಮುಚ್ಚಳ. ಅದನ್ನು ತಿರುಚಿ ತೆಗೆದು, ಬಗ್ಗಿ ನೋಡಿ, "ಪೆಟ್ರೋಲ್ ಐತಲ್ಲ!" ಎನ್ನುವುದು. ಅಷ್ಟು ಮಾಡುತ್ತಲೇ ದರಿದ್ರದ್ದು ಸರಿಹೋಗುತ್ತಿತ್ತು! ಮೈಸೂರಿನಿಂದ ಕರೆಸಿದ ಮೇಸ್ತ್ರಿಯೂ ಮುಚ್ಚಳ ತೆಗೆದು ನೋಡಿದ. ಎಂಜಿನ್ನು ಸಾಧುವಿನಂತೆ ಓಡಿತು. ಅವನು ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು, "ಏನೂ ಇಲ್ವಲ್ಲ ಸ್ವಾಮಿ, ಸುಮ್ನೆ ಗಾಬರಿ ಬಿದ್ದಿದ್ದೀರಿ" ಎಂದು ಹೋದ. ಅವನು ರೈಲು ಹತ್ತಿದ ಮೇಲೆ ಅದು ಮತ್ತೆ ಸತ್ತಿತು.

ಬಾವನ ತಾಳ್ಮೆ ಕೆಟ್ಟಿತು. ಒಂದು ದಿನ ಬೀದಿಯಲ್ಲಿ ಜನ ನೋಡುತ್ತಿರುವಾಗಲೇ ಅಕ್ಕನ ಮೇಲೆ ತಿರುಗಿಬಿದ್ದರು. "ಎತ್ತು ಮಾರ್ದಾಗ ಕಣ್ಣೀರಾಕಿದ್ದಲ್ಲಮ್ಮಿ, ನಿನ್ ಒಟ್ಟೆ ಉರಿ ಕಣೆ ಇದು! ಮನ್ಸಿಲ್ದೆ ಆರತಿ ಎತ್ತುದ್ರೆ ಇನ್ನೇನಾಯ್ತದೆ?"

ಆವತ್ತಿನಿಂದ ಮೋಟಾರಿನ ಪೂಜೆ ಹೆಚ್ಚಾಯಿತು. ಮೊದಲಿನಿಂದಲೂ ಶುಕ್ರವಾರ ಎತ್ತಿಗೆ ಇಡುತ್ತಿದ್ದ ಹಾಗೆಯೇ ಮೋಟಾರಿಗೂ ಕುಂಕುಮ ಇಡುತ್ತಿದ್ದಳು. ಎರಡು ದೀಪ ಅದರ ಕಣ್ಣು, ಹಿತ್ತಾಳೆ ಮುಚ್ಚಳ ಹಣೆ. ಬರಿಯ ಕುಂಕುಮ ಗಾಳಿಗೆ ಹಾರಿಹೋಗುತ್ತದೆಂದು ಈಗ ಹರಳೆಣ್ಣೆಯಲ್ಲಿ ಕಲಸಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ಇಡತೊಡಗಿದಳು. ಮೋಟಾರು ಇನ್ನೂ ಕೆಟ್ಟಿತು. ಬಾವ ಇನ್ನೂ ಬೈದರು. ಅವಳು ಇನ್ನೂ ಒತ್ತಿ ಇಟ್ಟಳು. ತನ್ನ ಮನಸ್ಸು ಶುದ್ಧವಾಗಿದೆ ಎಂದು ತೋರಿಸಲು ಆ ಹೆಬ್ಬೆರಳು ಬಿಟ್ಟರೆ ಅವಳಿಗೆ ಬೇರೆ ದಾರಿಯಿರಲಿಲ್ಲ.

ಇಷ್ಟರಲ್ಲಿ ಸರ್ಕಾರದ ಕಟ್ಟಳೆ ಬಂತು. ಜನರನ್ನು ಕೂರಿಸುವ ಮೋಟಾರಿಗೆ ನರಸೀಪುರ ತಾಲ್ಲೂಕಿನ ಅಧಿಕಾರಿ ಅಮಲ್ದಾರರ ಅಪ್ಪಣೆ ಬೇಕು. ಕಚೇರಿ ಮುಂದೆ ನಿಲ್ಲಿಸಿದೆವು, ಅಮಲ್ದಾರರು ಹತ್ತಿ ಕೂತರು, ಮೋಟಾರು ಕೆಮ್ಮಿ ಸತ್ತಿತು. ನೆರೆದವರೆಲ್ಲ ನಕ್ಕರು. ಅಮಲ್ದಾರರು ನಗಲಿಲ್ಲ. "ಶುಕ್ರವಾರ ಇನ್ನೊಮ್ಮೆ ತನ್ನಿ. ನಾನು ಸುತ್ತ ನೋಡಿ ಮುಗಿಸುವವರೆಗೆ ಎಂಜಿನ್ನು ಒಂದೇ ಸಮನೆ ಓಡಬೇಕು. ನಿಂತರೆ ಅರ್ಜಿ ವಜಾ" ಎಂದರು.

ಆ ರಾತ್ರಿ ಬಾವ ಮುದ್ದೆ ಮುರಿಯದೆ ಕೂತಿದ್ದರು. "ವಜಾ ಆದ್ರೆ ಕಂಡೋರ ಗಾಡಿ ಒಡ್ಯಾಕೆ ಕೂಲಿಗೋಗ್ಬೇಕು ಕಣ್ಲಾ. ಎತ್ತೂ ಇಲ್ಲ, ಮೋಟಾರೂ ಇಲ್ಲ" ಎಂದರು. ಒಲೆಯ ಹತ್ತಿರ ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು. ಸೋತರೆ ಕೂಲಿ ಬಾವನದು, ಅಪವಾದ ಅವಳದು.

ಶುಕ್ರವಾರ ಬಂತು. ಅಕ್ಕ ನಸುಕಿನಲ್ಲೇ ತಲೆಗೆ ನೀರು ಹಾಕಿಕೊಂಡು ಬಂದು, ಬೆಲ್ಲದಚ್ಚಿನಷ್ಟು ಕುಂಕುಮ ಕಲಸಿ ಆ ಹಿತ್ತಾಳೆ ಹಣೆಗೆ ಮೆತ್ತಿದಳು. ಹೊರಟೆವು. ನರಸೀಪುರ ತಲುಪಿ ಕಚೇರಿಯ ಅರಳಿಮರದ ಕೆಳಗೆ ನಿಲ್ಲಿಸಿದೆವು. ಅಮಲ್ದಾರರು ಮೆಟ್ಟಿಲಿಳಿದು ಬಂದರು. ಹಿಂದಿನ ಚಕ್ರ ನೋಡಿದರು, ಸೀಟು ಒತ್ತಿದರು. ಅಷ್ಟರಲ್ಲಿ ಎಂಜಿನ್ನು ಏರಿತು. ಇಳಿಯಿತು. ಬಾವನ ಮುಖ ಬಿಳಿಚಿತು.

ನನಗೆ ಬಂತು ನೋಡಿ ಕೋಪ! ಬುದ್ಧಿಯಲ್ಲ ಸ್ವಾಮಿ, ಬರೀ ಕೋಪ. ಇದನ್ನು ಕಿತ್ತು ಬಿಸಾಡುತ್ತೇನೆ ಎಂದು ಕೈಗೆ ಸಿಕ್ಕ ಮುಚ್ಚಳವನ್ನು ಹಿಡಿದು ತಿರುಚಿದೆ. ಸುಸ್ಸ್ ಎಂದು ತೊಟ್ಟಿ ಉಸಿರೆಳೆದುಕೊಂಡಿತು. ಬಾವಿಯಲ್ಲಿ ಮುಳುಗಿದವನು ಮೇಲೆದ್ದು ಉಸಿರೆಳೆಯುತ್ತಾನಲ್ಲ, ಹಾಗೆ. ಸಾಯುತ್ತಿದ್ದ ಎಂಜಿನ್ನು ಎದ್ದು ಕೂತಿತು. ಕೈಯಲ್ಲಿದ್ದ ಮುಚ್ಚಳ ನೋಡಿದೆ. ಅದರ ನಡುವೆ ಸೂಜಿಮೊನೆಯಷ್ಟು ಒಂದು ತೂತು. ಪೆಟ್ರೋಲು ಇಳಿದಷ್ಟೂ ಗಾಳಿ ಒಳಗೆ ಹೋಗಲಿ ಎಂದು ಮಾಡಿದವನು ಬಿಟ್ಟ ತೂತು. ಅದರ ತುಂಬ ಅಕ್ಕನ ಕುಂಕುಮ ಗಟ್ಟಿಯಾಗಿ ಕೂತಿತ್ತು. ಗಾಳಿಯಿಲ್ಲದೆ ಪೆಟ್ರೋಲು ಕೆಳಗಿಳಿಯುತ್ತಿರಲಿಲ್ಲ. ಓಡುವಾಗ ಕುಲುಕಾಟಕ್ಕೆ ಮುಚ್ಚಳದ ಸಂದಿಯಿಂದ ಅಷ್ಟಿಷ್ಟು ಗಾಳಿ ನುಸುಳುತ್ತಿತ್ತು, ನಿಂತಾಗ ಅದೂ ಇಲ್ಲ. ನೋಡಲು ಬಂದವನು ಮುಚ್ಚಳ ತೆಗೆದರೆ ಎಲ್ಲ ಸರಿ!

"ಅದೇನಯ್ಯ ಕೈಯಲ್ಲಿ?" ಎಂದರು ಅಮಲ್ದಾರರು.

"ಮುಚ್ಚಳ, ಬುದ್ಧಿ. ಸ್ವಲ್ಪ ಗಾಳಿಯಾಡಲಿ ಅಂತ."

ಎಂಜಿನ್ನು ಒಂದೇ ಸಮನೆ ಓಡಿತು. ಅಪ್ಪಣೆ ಸಿಕ್ಕಿತು.

ವಾಪಸು ಬರುವಾಗ ಹುಣಿಸೆಮರದ ನೆರಳಿನಲ್ಲಿ ನಿಲ್ಲಿಸಿ, ಜಾಲಿಮುಳ್ಳಿನಿಂದ ತೂತು ಬಿಡಿಸಿ, ಬಾವನಿಗೆ ತೋರಿಸಿದೆ. ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದರು. "ಅವಳ್ಗೆ ಏಳ್ಬ್ಯಾಡ ಕಣ್ಲಾ" ಎಂದರು.

"ನಾನ್ಯಾಕೆ ಹೇಳ್ಲಿ? ಬಯ್ದೋರು ನೀವು, ನೀವೇ ಹೇಳಿ."

"ಎಂಗ್ಲಾ ಏಳದು? ನೊಂದ್ಕತಾಳೆ."

ತಿಂಗಳುಗಟ್ಟಲೆ ಬೀದಿಯಲ್ಲಿ ನಿಲ್ಲಿಸಿ ಬೈದಾಗ ನೋಯದವಳು ಈಗ ನೊಂದುಕೊಳ್ಳುತ್ತಾಳಂತೆ! ಮನೆಗೆ ಬಂದರೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಅಪ್ಪಣೆ ಸಿಕ್ತಾ?" ಎಂದಳು. ಬಾವ, "ಸಿಕ್ತು ಕಣಮ್ಮಿ, ಎಲ್ಲ ನಿನ್ ಪೂಜೆ ಪುಣ್ಯ" ಎಂದುಬಿಟ್ಟರು. ಅಕ್ಕನ ಮುಖ ಅರಳಿತು. ಮುಂದಿನ ಶುಕ್ರವಾರ ಕುಂಕುಮ ಎರಡರಷ್ಟಾಯಿತು. ಬಾವ ಪುಣ್ಯ ಕಟ್ಟಿಕೊಂಡರು, ಕೆಲಸ ನನ್ನ ತಲೆಗೆ. ಪ್ರತಿ ಶುಕ್ರವಾರ ಅಕ್ಕ ಒಳಗೆ ಹೋಗುವುದನ್ನೇ ಕಾದು, ಕಳ್ಳನ ಹಾಗೆ ಮುಳ್ಳು ತಂದು ತೂತು ಬಿಡಿಸಿ, ಮುಳ್ಳನ್ನು ಚಕ್ರದ ಬಳಿ ಎಸೆಯುವುದು. ಅಕ್ಕನಿಗೆ ಹೇಳಿಬಿಡಿ ಎಂದು ಬಾವನಿಗೆ ನಾನು ಗೋಗರೆದದ್ದಕ್ಕೆ ಲೆಕ್ಕವಿಲ್ಲ. "ನಾಳೆ ಏಳ್ತೀನಿ" ಎನ್ನುತ್ತಿದ್ದರು. ಆ ನಾಳೆ ಬರಲೇ ಇಲ್ಲ.

ಒಂದು ಶುಕ್ರವಾರ ಮುಳ್ಳು ಹಿಡಿದು ಹೋದೆ. ಮುಚ್ಚಳದ ಮೇಲೆ ಕುಂಕುಮ ಬಳೆಯ ಹಾಗೆ ದುಂಡಗಿತ್ತು. ನಡುವೆ ತೂತು ಸ್ವಚ್ಛವಾಗಿ ಕಾಣುತ್ತಿತ್ತು. ಅಕ್ಕ ಪೊರಕೆ ಹಿಡಿದು ಹಿಂದೆಯೇ ನಿಂತಿದ್ದಳು. ಅಂಗಳ ಗುಡಿಸುವವಳು ಅವಳು. ತುದಿ ಕೆಂಪಾದ ಮುಳ್ಳು ವಾರ ವಾರವೂ ಅವಳಿಗೆ ಸಿಗದೆ ಇನ್ನಾರಿಗೆ ಸಿಗಬೇಕು?

"ಮುಳ್ಳು ಬಿಸಾಕ್ಲಾ" ಎಂದಳು. ಮಾತು ನನಗೆ, ನೋಟ ಬಾವನ ಕಡೆಗೆ. ಅವರು ಗೋಡೆಯ ಬಳಿ ಬೇವಿನ ಕಡ್ಡಿ ಹಾಕಿ ಹಲ್ಲುಜ್ಜುತ್ತಿದ್ದರು. "ನನ್ ಮನ್ಸು ಕೆಟ್ದು ಅಂತ ಬೀದಿಗೆಲ್ಲ ಕೇಳಂಗೆ ಕೂಗಾಕೆ ಬಾಯಿತ್ತು. ತೂತಿಗೆ ಅಡ್ಡ ಬತ್ತದೆ, ಕುಂಕುಮ ವಸಿ ಪಕ್ಕಕ್ಕಿಡಮ್ಮಿ ಅನ್ನಾಕೆ ಇಬ್ರು ಗಂಡಸ್ರಿಗೂ ಬಾಯಿರ್ಲಿಲ್ವಾ?"

ಅವಳು ಅಂಗಳ ಗುಡಿಸಿ ಮುಗಿಸಿ ಒಳಗೆ ಹೋದಳು. ಆ ಮೋಟಾರು ಆಮೇಲೆ ಎಷ್ಟೋ ಕಾಲ ಓಡಿತು, ಅಕ್ಕ ಎಷ್ಟೋ ಸಲ ಅದರಲ್ಲಿ ಸೋಸಲೆಯ ನೆಂಟರ ಮನೆಗೆ ಹೋಗಿಬಂದಳು. ಆ ಪ್ರಶ್ನೆಗೆ ಮಾತ್ರ ನಾವಿಬ್ಬರೂ ಉತ್ತರ ಕೊಡಲಿಲ್ಲ. ಈಗ ಅಕ್ಕನೂ ಇಲ್ಲ, ಬಾವನೂ ಇಲ್ಲ.

ಇವತ್ತು ಬೆಳಗ್ಗೆಯೂ ಎದುರಿನ ಕಾರು ಗುರುಗುಟ್ಟಿತು, ಎದುರಿನವರೂ ಗುರುಗುಟ್ಟಿದರು. ಕಾಫಿ ಲೋಟ ಅಲ್ಲೇ ಇಟ್ಟೆ. ಚಪ್ಪಲಿ ಹುಡುಕುತ್ತಾ ಕೂತರೆ ಧೈರ್ಯ ಹೋಗುತ್ತದೆಂದು ಬರಿಗಾಲಲ್ಲೇ ಬೀದಿ ದಾಟಿದೆ. "ಸ್ವಾಮಿ, ಪೆಟ್ರೋಲ್ ಮುಚ್ಚಳ ಒಂದು ಸಲ ತೆಗೆದು ನೋಡಿ. ಆ ತಾಯಿಯನ್ನು ಮಾತ್ರ ಬಯ್ಯಬೇಡಿ. ಎಂಜಿನ್ನಿನ ರೋಗಕ್ಕೆ ಅವರೇನು ಮಾಡ್ತಾರೆ?" ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. ಅವರು ತಬ್ಬಿಬ್ಬಾಗಿ ಇಳಿದು ಮುಚ್ಚಳ ತೆಗೆದರು. ಅದರಲ್ಲಿ ಏನೂ ಇರಲಿಲ್ಲ. ಎಂಜಿನ್ನು ಮೊದಲಿನ ಹಾಗೆಯೇ ಏರುತ್ತಿತ್ತು, ಇಳಿಯುತ್ತಿತ್ತು. ಒಳಗೆ ಕೂತಿದ್ದ ಆಕೆ ಮಾತ್ರ ಗಾಜು ಇಳಿಸಿ, ಮೊದಲ ಸಲ ನನ್ನತ್ತ ನೋಡಿ ನಕ್ಕು, "ಕಾಫಿ ಆಯ್ತಾ ಮಾಮ?" ಎಂದು ಕೇಳಿದರು.